ಎಂಟೂವರೆಗೆ ಗಾಳ ಸುತ್ತಿ

ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಕರಿ. ಬೇವು-ಬೆಲ್ಲದ ಶಾಸ್ತ್ರ ಮುಗಿದು ಮಸಾಲೆ ಅರೆಯುವ ದಿನ. ಮೂರು ವರ್ಷದ ಹಿಂದೆ ಅದೇ ದಿನ ಸಂಜೆ, ನಾಲ್ಕು ವರ್ಷದ ಮಗಳನ್ನು ಬೈಕಿನ ಮುಂದೆ ಕೂರಿಸಿಕೊಂಡು ಕೆರೆಗೆ ಗಾಳ ಹಾಕಲು ಹೋದೆ. ಹೆಂಡತಿ ಹಿಂದೆ ಕೂತು ಬುತ್ತಿ ಹಿಡಿದಿದ್ದಳು. ಮನೆಗೆ ಬಂದಾಗ ಹನ್ನೊಂದೂ ಮುಕ್ಕಾಲು. ಒಂದು ಬಾಳೆ ಮೀನು ಸಿಕ್ಕಿತ್ತು. ಮಗಳ ಒಂದು ಚಪ್ಪಲಿ ಕೆಸರಲ್ಲಿ ಹೋಗಿತ್ತು, ಅವಳು ಉಣ್ಣದೆ ಮಲಗಿದಳು. ಮುಂದೆ ಒಂದು ತಿಂಗಳು ಕೆರೆ ಅಂದರೆ ಸಾಕು, ಅಜ್ಜಿಯ ಸೆರಗು ಹಿಡಿಯುತ್ತಿದ್ದಳು.

ಮೀನು ಸಿಕ್ಕಿತಲ್ಲ ಎಂದು ನಾನು ಎರಡು ದಿನ ಬೀಗಿದೆ. ಮೂರನೆಯ ದಿನ ಬುದ್ಧಿ ಬಂತು. ಕೆಳಗಿನ ಸೂತ್ರಗಳು ಆ ಬುದ್ಧಿಯವು. ದೊಡ್ಡವರ ಮೀನು ಶಿಕಾರಿಗೆ ಇವು ಉಪಯೋಗಕ್ಕೆ ಬಾರವು, ಚಿಕ್ಕ ಮಕ್ಕಳಿರುವ ಮನೆಯವರಿಗೆ ಮಾತ್ರ.

1. ಜಾಗ ಆಮೇಲೆ, ಮೊದಲು ಗಡಿಯಾರ ನೋಡಿ

ಮಗುವಿನ ರಾತ್ರಿ ಎಂಟೂವರೆಗೆ ಮುಗಿಯುತ್ತದೆ. ಆಮೇಲಿನದು ನಿಮ್ಮ ರಾತ್ರಿ, ಅವರದಲ್ಲ. ಚೈತ್ರದಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಆರೂವರೆಯ ಆಸುಪಾಸು. ಐದಕ್ಕೆಲ್ಲ ನೀರಿನ ಬಳಿ ಇರಿ. ಕಾಲಿಡುವ ನೆಲ, ಕೂರುವ ಕಲ್ಲು, ವಾಪಸ್ ಬರುವ ದಾರಿ ಎಲ್ಲವನ್ನೂ ಬೆಳಕಿನಲ್ಲೇ ಮಗುವಿಗೆ ತೋರಿಸಿ. ಬೆಳಕಲ್ಲಿ ನೋಡಿದ ಜಾಗ ಕತ್ತಲಾದ ಮೇಲೂ ಗುರುತಿನ ಜಾಗವೇ.

ಮೀನಿನ ಲೆಕ್ಕಕ್ಕೂ ಇದೇ ಸರಿ. ಹೊತ್ತು ಮುಳುಗುವ ಮುಂಚೆ ಜಿಲೇಬಿ ಮೀನು ಚುರುಕಾಗಿ ಕಚ್ಚುತ್ತದೆ. ಅದು ಕಣ್ಣು ನಂಬಿ ಮೇಯುವ ಮೀನು, ಕತ್ತಲಾದರೆ ಸುಮ್ಮನಾಗುತ್ತದೆ. ಆಗ ಮೀಸೆ ಮೀನುಗಳ ಪಾಳಿ ಶುರು: ಗಿರ್ಲು, ಮುರುಗೋಡು, ಬಾಳೆ ಮೀನು. ಇವಕ್ಕೆ ಬೆಳಕು ಬೇಡ, ಮೀಸೆಯಲ್ಲೇ ತಡವಿ ರುಚಿ ನೋಡುತ್ತವೆ. ಐದರಿಂದ ಎಂಟೂವರೆಯೊಳಗೆ ಎರಡು ಪಾಳಿಯೂ ನೋಡಿದಂತಾಯಿತು. ಇನ್ನೇನು ಬೇಕು?

2. ಅಮಾವಾಸ್ಯೆ ಗಾಳದವರಿಗೆ, ಬೆಳದಿಂಗಳು ಮಗುವಿಗೆ

ಮೀಸೆ ಮೀನಿಗೆ ಕಗ್ಗತ್ತಲೆಯೇ ಒಳ್ಳೆಯದು ಅಂತ ಹಳೇ ಗಾಳದವರು ಹೇಳುತ್ತಾರೆ. ಇರಬಹುದು. ಆದರೆ ಯುಗಾದಿ ಬರುವುದೇ ಅಮಾವಾಸ್ಯೆಯ ಬೆನ್ನಿಗೆ. ಮಾರನೆಯ ದಿನ ಎಲ್ಲರೂ ಅಂಗಳಕ್ಕೆ ಬಂದು ಹುಡುಕುವ ಆ ಎಳೆಚಂದ್ರ ಕೈಮುಗಿಯುವಷ್ಟರಲ್ಲಿ ಮುಳುಗುತ್ತಾನೆ. ನಾನು ಮೊದಲ ಸಲ ಹೋಗಿದ್ದು ಆ ಕತ್ತಲಲ್ಲೇ, ತಪ್ಪಾಗಿದ್ದೂ ಅಲ್ಲೇ.

ಹತ್ತು ದಿನ ತಡೆಯಿರಿ. ಏಕಾದಶಿಯಿಂದ ದವನದ ಹುಣ್ಣಿಮೆಯವರೆಗೆ, ಸೂರ್ಯ ಮುಳುಗುವಾಗಲೇ ಚಂದ್ರ ಮೇಲಿರುತ್ತಾನೆ ಅಥವಾ ಆಗಷ್ಟೇ ಏಳುತ್ತಿರುತ್ತಾನೆ. ನೀರು ಕಾಣುತ್ತದೆ, ದಡ ಕಾಣುತ್ತದೆ, ಅಮ್ಮನ ಮುಖ ಕಾಣುತ್ತದೆ. ಎರಡು ಮೀನು ಕಮ್ಮಿ ಸಿಗಲಿ.

3. ಮಗುವಿಗೆ ತಕ್ಕ ನೀರು ಹುಡುಕಿ

1997ರಲ್ಲಿ ನಮ್ಮ ದಾವಣಗೆರೆ ಜಿಲ್ಲೆ ಕಟ್ಟುವಾಗ ಚನ್ನಗಿರಿ, ಹೊನ್ನಾಳಿಯನ್ನು ಶಿವಮೊಗ್ಗದಿಂದ ತಂದರು, ಜಗಳೂರನ್ನು ಚಿತ್ರದುರ್ಗದಿಂದ. ನ್ಯಾಮತಿ ಎಷ್ಟೋ ವರ್ಷದ ಮೇಲೆ ಹೊನ್ನಾಳಿಯಿಂದ ಬೇರೆಯಾಯಿತು. ಜಿಲ್ಲೆ ಒಂದಾದರೂ ನೀರು ಒಂದಾಗಲಿಲ್ಲ. ಒಂದು ಕಡೆ ಮಲೆನಾಡಿನ ಸೆರಗು, ಇನ್ನೊಂದು ಕಡೆ ಬಯಲುಸೀಮೆಯ ಬಾಯಾರಿಕೆ. ಒಂದೂರಿನ ಬುದ್ಧಿ ಇನ್ನೊಂದೂರಿನ ದಡದಲ್ಲಿ ನಡೆಯುವುದಿಲ್ಲ. ಅದಕ್ಕೇ ಮುಂದಿನ ನಾಲ್ಕು ಸೂತ್ರ ಬೇರೆ ಬೇರೆ.

4. ಚನ್ನಗಿರಿ: ಸೂಳೆಕೆರೆಯಲ್ಲಿ ಏರಿ ಬಿಡಿ, ಹಿನ್ನೀರಿನ ಅಂಚಿನಲ್ಲೂ ಹುಷಾರು

ಶಾಂತಿಸಾಗರ ಎಂದು ಬೋರ್ಡಿನಲ್ಲಿ ಬರೆದಿರುತ್ತದೆ, ಬಾಯಲ್ಲಿ ಮಾತ್ರ ಸೂಳೆಕೆರೆಯೇ. ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಸೂಳೆಯರು ತಮ್ಮ ನೆಲ ಬಿಟ್ಟುಕೊಟ್ಟರಂತೆ, ಕೆರೆಗೆ ತಮ್ಮ ಹೆಸರೇ ಇರಬೇಕು ಅನ್ನುವ ಕರಾರಿನ ಮೇಲೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಹರಿದ್ರಾ ಹಳ್ಳಕ್ಕೆ ಅಡ್ಡ ಕಟ್ಟಿದ ಏರಿ ಸಾವಿರ ಅಡಿಯೂ ಇಲ್ಲ. ಅದು ತಡೆದು ನಿಲ್ಲಿಸಿದ ನೀರಿಗೋ ಕಣ್ಣು ಹಾಯುವವರೆಗೂ ದಡ ಸಿಗುವುದಿಲ್ಲ. ಸಿದ್ಧ, ಬಸವ ಎಂದು ಎರಡು ತೂಬು. ಚಿತ್ರದುರ್ಗದವರೂ ಇದರ ನೀರು ಕುಡಿಯುತ್ತಾರೆ. ಇದನ್ನೆಲ್ಲ ಮಗುವಿಗೆ ಸಿದ್ಧೇಶ್ವರನ ಗುಡಿಯ ಬಳಿ ನಿಂತು ಹಗಲಲ್ಲೇ ಹೇಳಿ ಮುಗಿಸಿ.

ಏರಿಯ ಮೇಲೆ ಗಾಳ ಹಾಕುವುದು ಬೇಡ. ಹಿಂದೆ ವಾಹನ, ಮುಂದೆ ಆಳ. ಮಗುವನ್ನು ಎಲ್ಲಿ ಕೂರಿಸುತ್ತೀರಿ?

ಹಾಗಂತ ನೀರು ಹಿಂದೆ ಸರಿದ ಅಂಚು ಸಲೀಸು ಅಂದುಕೊಳ್ಳಬೇಡಿ. ನನ್ನ ಮಗಳ ಚಪ್ಪಲಿ ಹೋಗಿದ್ದು ಅಂಥ ಕಡೆಯೇ. ಬೇಸಗೆ ಬಂತೆಂದರೆ ಕೆರೆ ದಿನಕ್ಕಿಷ್ಟು ಹಿಂದೆ ಸರಿಯುತ್ತದೆ. ಬಿಟ್ಟುಹೋದ ಗೋಡುಮಣ್ಣು ಮೇಲೆ ಹಪ್ಪಳದ ಹಾಗೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಳಗೆ ಇನ್ನೂ ಅಂಬಲಿ. ಮಗು ಹಗುರ, ಮೂರು ಹೆಜ್ಜೆ ದಾಟಿಬಿಡುತ್ತದೆ. ನಾಲ್ಕನೆಯ ಹೆಜ್ಜೆಗೆ ಮೊಣಕಾಲವರೆಗೆ ಹೂತುಕೊಳ್ಳುತ್ತದೆ. ಎತ್ತಲು ಓಡುವ ಅಪ್ಪ ಸೊಂಟದವರೆಗೆ. ಮೊದಲು ಉದ್ದ ಕೋಲಿನಿಂದ ಚುಚ್ಚಿ ನೋಡಿ. ಕೋಲು ಗೇಣಿಗಿಂತ ಆಳಕ್ಕೆ ಇಳಿದರೆ ಆ ಜಾಗ ಬಿಡಿ. ದನ ನೀರಿಗಿಳಿಯುವ ದಾರಿ ಹುಡುಕಿ, ಎಮ್ಮೆ ತಡೆದುಕೊಂಡ ನೆಲ ನಿಮ್ಮನ್ನೂ ತಡೆದುಕೊಳ್ಳುತ್ತದೆ. ಮಗು ಆಗಲೇ ಹೂತುಕೊಂಡಿದ್ದರೆ ಓಡಬೇಡಿ. ಪಂಚೆಯನ್ನೋ ಸೀರೆಯನ್ನೋ ಎಸೆದು, ಹೊಟ್ಟೆಯ ಮೇಲೆ ಮಲಗಿ ಎಳೆದುಕೊಳ್ಳಿ. ಚಪ್ಪಲಿಯ ಆಸೆ ಬಿಟ್ಟುಬಿಡಿ.

ಇನ್ನೊಂದು ಮಾತು. ಒಣ ಅಂಗಳದಂತಿರುವ ಆ ಜಾಗದಲ್ಲಿ ಟಿಟ್ಟಿಭ ಈ ಕಾಲದಲ್ಲೇ ಮೊಟ್ಟೆ ಇಡುತ್ತದೆ. ಗೂಡೂ ಇಲ್ಲ, ಗುರುತೂ ಇಲ್ಲ, ಕಲ್ಲಿನ ನಡುವೆ ಕಲ್ಲಿನ ಬಣ್ಣದ ಮೊಟ್ಟೆ. ತಲೆಯ ಮೇಲೆ ಹಕ್ಕಿ ಕಿರುಚಾಡತೊಡಗಿದರೆ ಅಲ್ಲೇ ನಿಂತು ನೆಲ ನೋಡಿ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಬನ್ನಿ. ಒಮ್ಮೆ ಹಾಗಾದ ದಿನ ನನ್ನ ಮಗಳಿಗೆ ದೊಡ್ಡ ಸುದ್ದಿ ಅದೇ ಆಗಿತ್ತು, ಮೀನಲ್ಲ.

5. ಹೊನ್ನಾಳಿ: ಹೊಳೆಗೆ ಮಗು ಏಳೆಂಟು ವರ್ಷದ್ದಾದ ಮೇಲೆ

ಕೂಡಲಿಯಲ್ಲಿ ತುಂಗೆ, ಭದ್ರೆ ಕೂಡಿ ಬರುವ ಹೊಳೆ ಹೊನ್ನಾಳಿಯ ಪಕ್ಕದಲ್ಲೇ ಹಾಯುತ್ತದೆ. ಬೇಸಗೆಯಲ್ಲಿ ನೋಡಲು ಸಾಧು. ಬಂಡೆ ಕಾಣುತ್ತದೆ, ಮರಳ ದಿಬ್ಬ ಕಾಣುತ್ತದೆ, ಹುಡುಗರು ನಡೆದೇ ದಾಟುತ್ತಾರೆ. ಮೋಸ ಇರುವುದು ಮೂರು ಕಡೆ. ಒಂದು, ಮರಳು ತೆಗೆದ ಗುಂಡಿ. ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳು ಮುಳುಗುವ ಗುಂಡಿ ಇರುತ್ತದೆ, ಮೇಲಿಂದ ಗೊತ್ತಾಗುವುದಿಲ್ಲ. ಎರಡು, ಮೇಲಿನ ಅಣೆಕಟ್ಟು. ಕೆಳಗಿನ ಊರುಗಳ ಕುಡಿಯುವ ನೀರಿಗೋ ಜಾತ್ರೆಗೋ ಎಂದು ಬೇಸಗೆಯಲ್ಲೂ ಭದ್ರಾ ಡ್ಯಾಮಿನಿಂದ ಹೊಳೆಗೆ ನೀರು ಬಿಡುವುದುಂಟು. ತಲೆಯ ಮೇಲೆ ಒಂದು ಮೋಡ ಇಲ್ಲದೆಯೂ ಹೊಳೆ ಏರುತ್ತದೆ. ಹೋದ ಕೂಡಲೇ ನೀರಿನ ಅಂಚಿಗೆ ಒಂದು ಕಡ್ಡಿ ನೆಡಿ. ಕಡ್ಡಿ ನೀರಲ್ಲಿ ನಿಂತಿತೆಂದರೆ ಏಳಿ. ಮೂರು, ತುಂಗಭದ್ರೆಯಲ್ಲಿ ನೀರುನಾಯಿ ಇದೆ, ಮೊಸಳೆಯೂ ಇದೆ. ಕತ್ತಲಲ್ಲಿ ನೀರಂಚಿಗೆ ಕೂತು ಕಾಲು ಅದ್ದುವ ಚಪಲ ಬೇಡ.

ದಿಬ್ಬದ ಮೇಲೆ ಹೋಗಿ ಕೂರಲೇಬೇಡಿ. ಹೋಗುವಾಗ ನಡೆದು ಹೋದದ್ದು ಬರುವಾಗ ಈಜಿ ಬರುವಂತಾಗಬಾರದು.

6. ನ್ಯಾಮತಿ: ಮೊದಲ ಸಲಕ್ಕೆ ನನ್ನ ಓಟು ಸವಳಂಗಕ್ಕೆ

ಸವಳಂಗದ ಕೆರೆ ಊರಿಗೂ ರಸ್ತೆಗೂ ಹತ್ತಿರ. ಚಿಕ್ಕ ಮಗುವಿದ್ದಾಗ ಅದೇ ದೊಡ್ಡ ಗುಣ. ಮಗು ಅತ್ತರೆ ಹತ್ತು ನಿಮಿಷದಲ್ಲಿ ದೀಪ, ಜನ, ಚಹಾ. ಕಾಡಿನೊಳಗಿನ ಕೆರೆಯಲ್ಲಿ ಮೀನು ದಪ್ಪ ಇರುತ್ತದೆ ಅನ್ನುವವರ ಮಾತು ಕೇಳಿ ಒಳಗೆ ಹೋಗಬೇಡಿ, ಆ ದಡಕ್ಕೆ ನೀರು ಕುಡಿಯಲು ಚಿರತೆಯೂ ಬರುತ್ತದೆ. ಗಾಡಿ ರಸ್ತೆಯ ಪಕ್ಕ ನಿಲ್ಲಿಸುವುದಾದರೆ ಮಗುವನ್ನು ದಡದ ಕಡೆಯ ಬಾಗಿಲಿಂದ ಇಳಿಸಿ. ಇಷ್ಟೇ.

7. ಜಗಳೂರು: ಮೊದಲು ಫೋನ್, ಆಮೇಲೆ ಗಾಳ

ನೀರಿದೆಯೇ ಅಂತ ಕೇಳಿಕೊಂಡೇ ಹೊರಡಬೇಕಾದ ತಾಲೂಕು ಇದು. ವರ್ಷಗಟ್ಟಲೆ ಒಣಗಿ, ಹುಡುಗರು ಕ್ರಿಕೆಟ್ ಆಡಿದ ಕೆರೆಗಳಿವೆ. ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು 57 ಕೆರೆ ತುಂಬಿಸುವ ಯೋಜನೆ ಬಂದ ಮೇಲೆ ಗಾಳ ಹಿಡಿದು ಹೋಗುವ ಮಾತನ್ನು ಇಲ್ಲಿನವರೂ ಆಡುವಂತಾಗಿದೆ. ಕೆರೆ ನೋಡದೆಯೇ ಬೆಳೆದ ಹುಡುಗರಿಗೆ ಗಾಳ ಕಟ್ಟುವುದನ್ನು ಅಜ್ಜಂದಿರೇ ಕಲಿಸಬೇಕು.

ಇಲ್ಲಿನ ಕೆರೆಗೆ ಎರಡು ಸೂಕ್ಷ್ಮ ಇವೆ. ಒಣಗಿದ ವರ್ಷಗಳಲ್ಲಿ ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದಿರುತ್ತದೆ. ನೀರು ಬಂದ ಮೇಲೆ ಅದು ಮುಳುಗುತ್ತದೆ, ಮುಳ್ಳು ಹಾಗೇ ಇರುತ್ತದೆ. ಗಾಳ ಎಸೆದಲ್ಲೆಲ್ಲ ಬುಡಕ್ಕೆ ಸಿಕ್ಕಿಕೊಳ್ಳುತ್ತದೆ, ದಡದ ಮುಳ್ಳು ರಬ್ಬರ್ ಚಪ್ಪಲಿ ತೂರಿ ಬರುತ್ತದೆ. ಮಗುವಿಗೆ ಗಟ್ಟಿ ಅಟ್ಟೆಯ ಬೂಟು ಹಾಕಿಸಿ. ಕೊಕ್ಕೆ ನಾಲ್ಕು ಹೆಚ್ಚಿಗೆ ಇಟ್ಟುಕೊಳ್ಳಿ, ಸಿಕ್ಕಿಕೊಂಡ ಕೊಕ್ಕೆ ಬಿಡಿಸಲು ನೀರಿಗಿಳಿಯಬೇಡಿ. ಇನ್ನೊಂದು, ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದೊಳಗಿನ ನೀರು ನಮ್ಮದಲ್ಲ. ಬೇಸಗೆಯಲ್ಲಿ ಆ ನಾಲ್ಕು ಕೊಂಬಿನ ಬಡಪಾಯಿಗೆ ಇರುವುದೇ ಅಲ್ಲೊಂದು ಇಲ್ಲೊಂದು ಗುಂಡಿ.

8. ಕಾಲುವೆ ಬೇಡವೇ ಬೇಡ

ಭದ್ರಾ ಕಾಲುವೆ, ತುಂಗಾ ಕಾಲುವೆ ಯಾವುದೇ ಇರಲಿ. ಬೇಸಗೆ ಬೆಳೆಗೆ ನೀರು ಬಿಟ್ಟಾಗ ಕಾಲುವೆ ತುಂಬಿ ಹರಿಯುತ್ತದೆ, ಮೀನೂ ಬರುತ್ತದೆ, ಮನೆಯ ಪಕ್ಕದಲ್ಲೇ ಇರುತ್ತದೆ. ಆದರೆ ಇಳಿಜಾರು ಕಾಂಕ್ರೀಟು ಪಾಚಿ ಕಟ್ಟಿ ಎಣ್ಣೆಯ ಹಾಗೆ ಜಾರುತ್ತದೆ. ಬಿದ್ದವರಿಗೆ ಹಿಡಿಯಲು ಒಂದು ಬೇರಿಲ್ಲ, ಕಲ್ಲಿಲ್ಲ. ಈಜು ಬಲ್ಲವರೇ ಮೇಲೆ ಬಂದಿಲ್ಲ. ಚರ್ಚೆ ಬೇಡ.

9. ಕೇಳಿ ಗಾಳ ಹಾಕಿ

ಕೆರೆ ಸರ್ಕಾರದ್ದು, ಮೀನು ಬೆಳೆಸಿದವರದು. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುತ್ತದೆ, ಚಿಕ್ಕವನ್ನು ಗ್ರಾಮ ಪಂಚಾಯಿತಿ. ಗುತ್ತಿಗೆ ಹಿಡಿದ ಸಂಘದವರು ದುಡ್ಡು ಕೊಟ್ಟು ಕಾಟ್ಲಾ, ರೋಹು, ಮೃಗಾಲ್, ಗೆಂಡೆ ಮರಿ ತಂದು ಬಿಟ್ಟಿರುತ್ತಾರೆ. ಕತ್ತಲಲ್ಲಿ ಕದ್ದು ಗಾಳ ಹಾಕಿ, ಕಾವಲಿನವನ ಟಾರ್ಚು ಬಿದ್ದಾಗ ಮಗುವಿನ ಎದುರಿಗೆ ತಡವರಿಸುವುದು ಯಾರಿಗೆ ಬೇಕು? ಹಿಂದಿನ ದಿನವೇ ಹೋಗಿ ಮಾತಾಡಿ. ಎಷ್ಟೋ ಸಲ ದುಡ್ಡೇ ಕೇಳುವುದಿಲ್ಲ. ಗುಟ್ಟೊಂದು ಹೇಳುತ್ತೇನೆ: ಮಗು ಜೊತೆಗಿದ್ದರೆ ಬೆಸ್ತರ ಯಜಮಾನರು ಮೀನಿರುವ ಜಾಗವನ್ನೂ ತೋರಿಸುತ್ತಾರೆ. ನಮಗೊಬ್ಬರು ಹರಿಗೋಲಿನಲ್ಲಿ ಕೂತೇ, ಅಲ್ಲಿ ಬೇಡ ಇಲ್ಲಿ ಹಾಕು ಅಂತ ಬೆರಳು ಮಾಡಿದ್ದರು. ಅಲ್ಲೇ ಸಿಕ್ಕಿತು.

ಕೆರೆಯಲ್ಲಿ ಯಾರಾದರೂ ತಂತಿ ಎಳೆದು ಕರೆಂಟು ಬಿಡುತ್ತಿದ್ದರೆ, ತೋಟೆ ಸಿಡಿಸುತ್ತಿದ್ದರೆ, ಆ ಕ್ಷಣವೇ ಮಗುವನ್ನು ಎತ್ತಿಕೊಂಡು ಹೊರಡಿ. ತೋಟೆ ಹಾಕಿ, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ.

10. ಮಗು ಕಾಯುವವರ ಕೈಯಲ್ಲಿ ಗಾಳ ಇರಬಾರದು

ಹತ್ತೊಂಬತ್ತು ಸೂತ್ರಗಳಲ್ಲಿ ಒಂದೇ ನೆನಪಿಡಿ ಅಂದರೆ ನಾನು ಹೇಳುವುದು ಇದನ್ನು. ಗಾಳ ಹಿಡಿದವನ ಕಣ್ಣು ಬೆಂಡಿನ ಮೇಲೆ. ಬೆಂಡು ಮುಳುಗಿದ ಆ ನಾಲ್ಕು ಕ್ಷಣ ಅವನಿಗೆ ಹೆಂಡತಿ ಮಕ್ಕಳು ಯಾರೂ ಇಲ್ಲ. ನಾನು ಹಾಗೇ ಇದ್ದೆ. ಅದಕ್ಕೇ ಒಬ್ಬರ ಕೆಲಸ ಮಗು, ಇನ್ನೊಬ್ಬರ ಕೆಲಸ ಮೀನು. ಅರ್ಧ ಗಂಟೆಗೊಮ್ಮೆ ಪಾಳಿ ಬದಲಿಸಿ, ಬದಲಿಸುವಾಗ ಬಾಯಿಬಿಟ್ಟು ಹೇಳಿ: "ಈಗ ಮಗು ನಿನ್ನದು." ಅವಳು ನೋಡುತ್ತಿದ್ದಾಳೆ ಅಂತ ಇವನು, ಇವನು ನೋಡುತ್ತಿದ್ದಾನೆ ಅಂತ ಅವಳು ಅಂದುಕೊಳ್ಳುವ ಹೊತ್ತಲ್ಲೇ ಅನಾಹುತ ಆಗುವುದು.

ಕಾಯುವುದು ಅಂದರೆ ಕೈಚಾಚಿದರೆ ಸಿಗುವಷ್ಟು ಹತ್ತಿರ. ಮಗುವಿನ ಅಳತೆಯ ಲೈಫ್ ಜಾಕೆಟ್ ಆನ್‌ಲೈನಿನಲ್ಲಿ ಸಿಗುತ್ತದೆ, ಹೊಸ ಗಾಳದ ಬದಲು ಅದನ್ನು ಕೊಳ್ಳಿ. ಟ್ಯೂಬು ಅದರ ಬದಲಿಗೆ ಆಗದು. ಬಟ್ಟೆ ಬಿಳಿಯದೋ ಹಳದಿಯದೋ ಇರಲಿ, ಕೈಗೊಂದು ಹೊಳೆಯುವ ಪಟ್ಟಿ ಕಟ್ಟಿ.

ಗೆಳೆಯರ ಗುಂಪಿನಲ್ಲಿ ಬಾಟಲಿ ಬರುತ್ತದೆ ಅಂತ ಗೊತ್ತಾದರೆ ಆ ಗಾಡಿಯಲ್ಲಿ ಮಗು ಹತ್ತಬಾರದು. ಮುಲಾಜು ಬೇಡ.

11. ಎರೆಹುಳದ ಮಂತ್ರಿಗಿರಿ ಮಗುವಿಗೆ ಕೊಡಿ

ಶಿಕಾರಿ ಶುರುವಾಗುವುದು ಮಧ್ಯಾಹ್ನವೇ. ಚನ್ನಗಿರಿ ಕಡೆ ಅಡಿಕೆ ತೋಟದ ಬಸಿಗಾಲುವೆ ಚೈತ್ರದಲ್ಲೂ ತೇವ, ಅಲ್ಲಿ ಹುಳಕ್ಕೆ ಬರವಿಲ್ಲ. ಜಗಳೂರಿನಲ್ಲಿ ಬಚ್ಚಲ ನೀರು ಹರಿಯುವ ಬಾಳೆ ಬುಡ, ತಿಪ್ಪೆಯ ತಂಪು ಬದಿ. ಮಗುವಿಗೆ ಒಂದು ಡಬ್ಬಿ, ಒಂದು ಕಡ್ಡಿ ಕೊಟ್ಟು ಬಿಡಿ. ಡಬ್ಬಿಗೆ ಸ್ವಲ್ಪ ಹಸಿ ಮಣ್ಣು, ಮುಚ್ಚಳಕ್ಕೆ ತೂತು. ನನ್ನ ಮಗಳು ಹುಳಗಳಿಗೆಲ್ಲ ಹೆಸರಿಟ್ಟು, ಕೊಕ್ಕೆಗೆ ಚುಚ್ಚುವ ಹೊತ್ತಿಗೆ ಒಂದನ್ನೂ ಕೊಡಲೊಪ್ಪಲಿಲ್ಲ. ಹಾಗಾದರೆ ಬೆಳಗಿನ ರಾಗಿ ಮುದ್ದೆಗೆ ಶೇಂಗಾ ಹಿಂಡಿಯ ಪುಡಿ ಸೇರಿಸಿ ಗಟ್ಟಿಯಾಗಿ ನಾದಿಕೊಳ್ಳಿ. ಗೆಂಡೆ, ರೋಹುಗಳಿಗೆ ಅದೇ ಮೇಲು. ಮೀಸೆ ಮೀನಿಗೆ ಹುಳವೇ ಬೇಕು. ಮನೆಯಲ್ಲಿ ಸಂಧಾನ ಮಾಡಿಕೊಳ್ಳಿ.

12. ಗಾಳಕ್ಕೆ ಗೆಜ್ಜೆ ಕಟ್ಟಿ

ರೀಲು, ಕಾರ್ಬನ್ ಕೋಲು ನಿಮಗಿರಲಿ. ಮಗುವಿಗೆ ಅದರ ಎತ್ತರದ ಬಿದಿರು ಕಡ್ಡಿ, ಕಡ್ಡಿಯಷ್ಟೇ ಉದ್ದದ ತಂಗೂಸಿ ಸಾಕು. ಬೆಂಡಿಗೆ ಜೋಳದ ದಂಟಿನ ತಿರುಳು ಬೇಕಾದಷ್ಟಾಯಿತು. ಸೀಸದ ಗುಂಡನ್ನು ಹಲ್ಲಿನಿಂದ ಕಚ್ಚಿ ಬಿಗಿಯುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಸೀಸ ವಿಷ. ಮಗು ನೋಡಿದ್ದನ್ನೇ ಮಾಡುತ್ತದೆ, ಇಕ್ಕಳ ಬಳಸಿ.

ಕತ್ತಲಾದ ಮೇಲೆ ಬೆಂಡು ಕಾಣುವುದಿಲ್ಲ. ಆಗ ಎತ್ತಿನ ಕೊರಳ ಗೆಜ್ಜೆಯಿಂದ ಒಂದು ಕಾಳು ಬಿಚ್ಚಿ ಕೋಲಿನ ತುದಿಗೆ ಕಟ್ಟಿ. ಕೋಲನ್ನು ಕವೆಗೋಲಿಗೆ ಒರಗಿಸಿ ಟಾರ್ಚು ಆರಿಸಿ. ಎಲ್ಲರೂ ಕಿವಿಯಾಗಿ ಕೂರುತ್ತಾರೆ. ಘಲ್ ಅಂದಾಗ ಮಗುವಿನ ಉಸಿರು ನಿಲ್ಲುವುದು ನಿಮಗೆ ಕೇಳಿಸುತ್ತದೆ. ಟಾರ್ಚು ಹೆಗಲ ಹಿಂದಿನಿಂದ ನೆಲಕ್ಕೆ ಬೀಳುವಂತಿರಲಿ. ನೀರ ಮೇಲೆ ಬೆಳಕು ಆಡಿಸಿದರೆ ಮೀನು ಚದುರುತ್ತದೆ, ಹುಳಹುಪ್ಪಟೆ ಮುಖಕ್ಕೆ ಮುತ್ತುತ್ತದೆ.

13. ಕೊಕ್ಕೆ ಮತ್ತು ಮುಳ್ಳು

ಗಾಳ ಬೀಸುವವನ ಹಿಂದೆ ಯಾರೂ ನಿಲ್ಲಬಾರದು. ಬೀಸುವ ಮುಂಚೆ "ಬೀಸ್ತೀನಿ" ಅಂತ ಕೂಗಿ, "ಹೂಂ" ಅಂತ ಉತ್ತರ ಬಂದ ಮೇಲೇ ಬೀಸಿ. ಬಿಡುವಿನಲ್ಲಿ ಕೊಕ್ಕೆಯ ತುದಿ ಬೆಂಡಿಗೆ ಚುಚ್ಚಿರಲಿ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಒಂದೆರಡು ಮೀನು ತಪ್ಪಿಸಿಕೊಳ್ಳುತ್ತವೆ, ಬೆರಳಿಗೆ ಚುಚ್ಚಿದರೆ ಮಾತ್ರ ಸಲೀಸಾಗಿ ಬರುತ್ತದೆ. ಹಿಮ್ಮುಳ್ಳಿರುವ ಕೊಕ್ಕೆ ಚುಚ್ಚಿಕೊಂಡರೆ ಎಳೆಯಬೇಡಿ. ತಂಗೂಸಿ ಕತ್ತರಿಸಿ, ಹಾಗೇ ಆಸ್ಪತ್ರೆಗೆ ಹೋಗಿ.

ಮೀಸೆ ಮೀನನ್ನು ಮಗುವಿನ ಕೈಗೆ ಕೊಡಬೇಡಿ. ಗಿರ್ಲಿಗೆ ಬೆನ್ನಲ್ಲೊಂದು, ಪಕ್ಕೆಯಲ್ಲೆರಡು ಮುಳ್ಳು. ಚೇಳು ಮೀನಿನ ಮುಳ್ಳಿಗಂತೂ ಹೆಸರೇ ಹೇಳುವಂತೆ ವಿಷ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ ಕೈ ಅದ್ದಿಸಿ, ನೋವು ಇಳಿಯುತ್ತದೆ. ಬಿಸಿಯನ್ನು ಮೊದಲು ನಿಮ್ಮ ಮೊಣಕೈಯಲ್ಲಿ ನೋಡಿ. ಒಂದು ಫ್ಲಾಸ್ಕ್ ಬಿಸಿನೀರು ಅದಕ್ಕೂ ಆಯಿತು, ಹಾಲಿಗೂ ಆಯಿತು.

14. ಹಾವು

ಸೆಕೆಗೆ ಅವೂ ನೀರಿನ ತಂಪಿಗೆ ಬರುತ್ತವೆ. ನೀರೊಳ್ಳೆ ಕಂಡರೆ ಗಾಬರಿ ಬೇಡ, ಅದಕ್ಕೆ ವಿಷವಿಲ್ಲ. ಕೊಳಕುಮಂಡಲ ಮಾತ್ರ ಹುಲ್ಲಿನಲ್ಲಿ ಕದಲದೆ ಬಿದ್ದಿರುತ್ತದೆ. ಹೆಜ್ಜೆಗೆ ಮುಂಚೆ ಬೆಳಕು, ಬೆಳಕಿಗೆ ಮುಂಚೆ ಕೋಲಿನ ಕುಟ್ಟು. ಚಾಪೆ ಹುಲ್ಲಿನ ಮೇಲೆ ಬೇಡ, ಬಯಲಲ್ಲಿ ಹಾಸಿ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ, ನಾಟಿ ಔಷಧದ ಮನೆ ಹುಡುಕಬೇಡಿ. ಕಚ್ಚಿದ ಕಾಲನ್ನು ಅಲುಗಿಸದೆ ಮಗುವನ್ನು ಎತ್ತಿಕೊಂಡು, 108ಕ್ಕೆ ಕರೆ ಮಾಡಿ.

15. ಗುಡುಗು ಕೇಳಿತೇ? ಗಾಳ ಕೆಳಗಿಡಿ

ರೇವತಿ, ಅಶ್ವಿನಿ, ಭರಣಿ. ಮಾರ್ಚ್ ಕೊನೆಯಿಂದ ಮೇ ಹತ್ತರವರೆಗಿನ ಈ ಮಳೆಗಳು ಬರುವುದೇ ಸಂಜೆ, ಬರುವುದೇ ಸಿಡಿಲಿನ ಜೊತೆ. ಬಯಲು ಕೆರೆಯ ದಡದಲ್ಲಿ ಎತ್ತರವಾಗಿ ನಿಂತಿರುವುದು ನೀವು, ನಿಮ್ಮ ಕೈಲಿರುವ ಕೋಲು. ಕಾರ್ಬನ್ ಕೋಲಿನಲ್ಲಿ ವಿದ್ಯುತ್ತು ಹರಿಯುತ್ತದೆ. ದೂರದ ಗುಡುಗು ಅಂದುಕೊಳ್ಳಬೇಡಿ, ಕಿವಿಗೆ ಬಿತ್ತೆಂದರೆ ಹತ್ತಿರ ಬಂದಂತೆಯೇ. ಮರದಡಿ ಹೋಗದೆ, ಗಾಜು ಏರಿಸಿದ ಕಾರಿನೊಳಗೋ ಪಕ್ಕಾ ಕಟ್ಟಡದೊಳಗೋ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಬರಬೇಡಿ. ಅಷ್ಟರಲ್ಲಿ ಎಂಟೂವರೆ ಆಗಿರುತ್ತದೆ, ಮನೆಗೆ ಹೋಗಿ. ಬೈಕಿನಲ್ಲಿ ಹೋಗುವವರು ಮೋಡ ಕಟ್ಟಿದ ದಿನ ಹೊರಡಲೇಬಾರದು.

16. ಮೀನನ್ನು ನಂಬಿ ಮುದ್ದೆ ಕಟ್ಟಬೇಡಿ

ಬುತ್ತಿ ಪೂರ್ತಿ ಇರಲಿ. ಚಿತ್ರಾನ್ನ, ಉಳಿದ ಹೋಳಿಗೆ, ಖಾರ ಮಂಡಕ್ಕಿ. ಮಗುವಿಗೆ ಏಳಕ್ಕೇ ಉಣಿಸಿ. ಹಸಿದ ಮಗುವಿಗೆ ಕೆರೆಯೂ ಬೇಡ, ಚಂದ್ರನೂ ಬೇಡ. ಮಣ್ಣು, ಮೀನು, ಹುಳ ಮುಟ್ಟಿದ ಕೈ ತೊಳೆಯಲು ಸೋಪು, ಬೇರೆ ನೀರು. ಕುಡಿಯುವ ನೀರು ಅಂದಾಜಿಗಿಂತ ಎರಡು ಪಟ್ಟು.

17. ಮಾತಾಡಲು ಬಿಡಿ

ನಮ್ಮಲ್ಲಿ ಗಾಳ ಹಿಡಿದವರೆಲ್ಲ ತಾವೊಬ್ಬ ಪೂರ್ಣಚಂದ್ರ ತೇಜಸ್ವಿ ಅಂದುಕೊಂಡುಬಿಡುತ್ತಾರೆ. ಗಂಟೆಗಟ್ಟಲೆ ತುಟಿ ಬಿಚ್ಚದೆ ಕೂರುವ ಆ ಧ್ಯಾನ ಐದು ವರ್ಷದ ಮಗುವಿಗೆ ಶಿಕ್ಷೆ. "ಶ್! ಮೀನು ಓಡುತ್ತೆ" ಅನ್ನುವುದೂ ಅರ್ಧ ಸುಳ್ಳು. ದಡದಲ್ಲಿ ಆಡಿದ ಮಾತು ನೀರೊಳಗೆ ಅಷ್ಟಾಗಿ ಇಳಿಯುವುದಿಲ್ಲ, ಕುಣಿದ ಕಾಲಿನ ಸದ್ದು ನೆಲದ ಮೂಲಕ ಇಳಿಯುತ್ತದೆ. ಮಾತಾಡಲಿ, ಕುಣಿಯುವುದು ಬೇಡ ಎಂದರೆ ಮಗುವಿಗೂ ನ್ಯಾಯ, ಮೀನಿಗೂ ನ್ಯಾಯ.

ಗೆಜ್ಜೆ ಸುಮ್ಮನಿದ್ದಾಗ ಆಕಾಶ ತೋರಿಸಿ. ಏಪ್ರಿಲಿನ ಆರಂಭದಲ್ಲಿ ಪಶ್ಚಿಮಕ್ಕೆ ಮಹಾವ್ಯಾಧ ವಾಲುತ್ತಿರುತ್ತಾನೆ, ಉತ್ತರಕ್ಕೆ ಸಪ್ತರ್ಷಿಗಳು ಏರುತ್ತಿರುತ್ತಾರೆ. ಬೆಳದಿಂಗಳಲ್ಲೂ ಇವೆರಡು ಕಾಣುತ್ತವೆ.

18. ಮೀನು ಬಂದಾಗ

ಕೋಲು ಮಗುವಿನ ಕೈಯಲ್ಲೇ ಇರಲಿ, ನಿಮ್ಮ ಕೈ ಅದರ ಕೈ ಮೇಲೆ. ದಡಕ್ಕೆ ಬಂದ ಮೀನನ್ನು ಒದ್ದೆ ಕೈಯಲ್ಲೇ ಮುಟ್ಟಿ. ಗೇಣಿಗಿಂತ ಚಿಕ್ಕ ಕಾಟ್ಲಾ, ರೋಹು ಬಂದರೆ ವಾಪಸ್ ಬಿಡಿ, ಬಿಡುವ ಅಧಿಕಾರ ಮಗುವಿನದು. ಬೊಗಸೆಯಿಂದ ಮೀನು ಜಾರಿ ಹೋಗುವುದನ್ನು ನೋಡುವ ಖುಷಿ ಸಾರಿನಲ್ಲಿ ಸಿಗುವುದಿಲ್ಲ. ಜಿಲೇಬಿ, ಆಫ್ರಿಕನ್ ಕ್ಯಾಟ್‌ಫಿಶ್ ಬಂದರೆ ಮಾತ್ರ ಬಿಡಬೇಡಿ. ಹೊರಗಿನಿಂದ ಬಂದು ನಮ್ಮ ಮೀನುಗಳ ಜಾಗ ನುಂಗಿದ ಜಾತಿ ಅವು, ಎರಡನೆಯದನ್ನು ಸಾಕುವುದೇ ನಿಷೇಧ. ಉಣ್ಣುವಷ್ಟು ಸಿಕ್ಕಿತೆಂದರೆ ಗಾಳ ಸುತ್ತಿ. ಕಡಿದು ಹೋದ ತಂಗೂಸಿಯ ತುಂಡನ್ನು ಹುಡುಕಿ ಜೇಬಿಗೆ ಹಾಕಿಕೊಳ್ಳಿ, ಇಲ್ಲವಾದರೆ ನಾಳೆ ಅದು ಯಾವುದೋ ಬಕನ ಕಾಲಿಗೆ ಸುತ್ತುತ್ತದೆ.

19. ಬರೆದಿಡಿ

ಹಳೆಯ ಶಾಲೆ ಪುಸ್ತಕವೊಂದನ್ನು ಗಾಳದ ಚೀಲದಲ್ಲೇ ಇಟ್ಟಿದ್ದೇವೆ. ತಾರೀಖು, ತಿಥಿ, ಕೆರೆಯ ಹೆಸರು, ಯಾವ ಹುಳಕ್ಕೆ ಯಾವ ಮೀನು, ಮನೆ ಸೇರಿದ ಹೊತ್ತು. ಮೊದಲು ನಾನು ಬರೆಯುತ್ತಿದ್ದೆ, ಈಗ ಎರಡನೇ ತರಗತಿಯ ಮಗಳು ಬರೆಯುತ್ತಾಳೆ, ಮೀನಿಗೆ ಮೀಸೆ ಬರೆದು ಚಿತ್ರವನ್ನೂ ಹಾಕುತ್ತಾಳೆ. ಈವರೆಗೆ ಒಂಬತ್ತು ಸಲದ ಲೆಕ್ಕ ಅದರಲ್ಲಿದೆ. ಒಟ್ಟು ಮೀನು ಹನ್ನೊಂದು, ವಾಪಸ್ ಬಿಟ್ಟದ್ದು ನಾಲ್ಕು, ಏನೂ ಸಿಗದೆ ಬಂದದ್ದು ಮೂರು ಸಲ. ಎಂಟೂವರೆ ದಾಟಿದ್ದು ಒಂದೇ ಸಲ, ಮೊದಲನೆಯದು.